ಈಜಿಗೆ ಅಂಜುವವರ ಮೊದಲ ಟ್ರಯಥ್ಲಾನ್: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಓಟ ಚೆನ್ನಾಗಿದೆ, ಸೈಕಲ್ ಪರವಾಗಿಲ್ಲ, ಈಜುಕೊಳದಲ್ಲಿ ನಿಲ್ಲದೆ 750 ಮೀಟರ್ ಈಜಿದ್ದೂ ಆಗಿದೆ. ಆದರೂ ಸ್ಪರ್ಧೆಯ ದಿನ ಕೆರೆಗಿಳಿದು ನೂರು ಮೀಟರ್ ಹೋಗುವಷ್ಟರಲ್ಲಿ ಎದೆ ಬಿಗಿದು, ಉಸಿರು ಸಿಕ್ಕಿಕೊಂಡು, ರಕ್ಷಣಾ ದೋಣಿ ಹಿಡಿದು ವಾಪಸ್. ಮೊದಲ ಟ್ರಯಥ್ಲಾನನ್ನು (ಈಜು, ಸೈಕಲ್, ಓಟ ಒಂದರ ಹಿಂದೊಂದು ಇರುವ ಸ್ಪರ್ಧೆ) ಅರ್ಧಕ್ಕೆ ಬಿಟ್ಟವರಲ್ಲಿ ಬಹಳ ಜನ ಹೇಳುವುದು ಇದನ್ನೇ. ಅವರ ತಾಲೀಮಿನ ಡೈರಿ ತೆರೆದು ನೋಡಿದರೆ ಅಭ್ಯಾಸ ಬೇಕಾದಷ್ಟಿರುತ್ತದೆ, ಅದರ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ಮೊದಲು ದೂರ, ಆಮೇಲೆ ವೇಗ, ಉಸಿರಿನ ಯೋಚನೆ ಕಡೆಗೆ. ತೆರೆದ ನೀರಿನ ಪರಿಚಯವಂತೂ ಸ್ಪರ್ಧೆಯ ದಿನವೇ.

ಈ ಮಾರ್ಗದರ್ಶಿಯ ಕ್ರಮ ಅದಕ್ಕೆ ತದ್ವಿರುದ್ಧ: ಉಸಿರು, ತೇಲುವಿಕೆ, ದೂರ, ತೆರೆದ ನೀರು. ವೇಗ ಹೆಚ್ಚಿಸುವ ಪ್ರಸ್ತಾಪ ಎಲ್ಲೂ ಇಲ್ಲ. ಹಂತಗಳನ್ನು ಹಾರಿಸಬೇಡಿ. ಒಂದು ಹಂತ ಕುದುರದಿದ್ದರೆ ಅಲ್ಲೇ ಇನ್ನೊಂದು ವಾರ ಇರಿ.

## ಹಂತ 1: ಸ್ಪರ್ಧೆ ಆರಿಸಿ, ವಾರಗಳನ್ನು ಲೆಕ್ಕ ಹಾಕಿ

ಮೊದಲ ಸಲಕ್ಕೆ ಸ್ಪ್ರಿಂಟ್ ದೂರ ಸಾಕು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಕೆಲವು ಆಯೋಜಕರು ಇದಕ್ಕಿಂತ ಚಿಕ್ಕದಾದ ಸೂಪರ್ ಸ್ಪ್ರಿಂಟ್ ಇಡುತ್ತಾರೆ, ಅದರಲ್ಲಿ ಈಜು 400 ಮೀಟರ್ ಆಸುಪಾಸು. ಒಲಿಂಪಿಕ್ ದೂರದ 1.5 ಕಿ.ಮೀ. ಈಜು ಈಗ ಬೇಡ. ಗೆಳೆಯರು ಎಷ್ಟೇ ಹುರಿದುಂಬಿಸಲಿ, ಬೇಡ.

ಹೆಸರು ನೋಂದಾಯಿಸುವ ಮೊದಲು ಸ್ಪರ್ಧೆಯ ಮಾಹಿತಿ ಪುಸ್ತಿಕೆ ಓದಿ. ಈಜು ಇರುವುದು ಕೊಳದಲ್ಲೋ, ಕೆರೆಯಲ್ಲೋ, ಸಮುದ್ರದಲ್ಲೋ? ಎಲ್ಲರನ್ನೂ ಒಟ್ಟಿಗೆ ನೀರಿಗೆ ಬಿಡುತ್ತಾರೋ, ಕೆಲವರನ್ನಾಗಿ ಸರದಿಯಲ್ಲಿ ಬಿಡುತ್ತಾರೋ? ಈಜು ಮುಗಿಸಲು ಕೊಡುವ ಸಮಯವೆಷ್ಟು? ನೀರು ಎಷ್ಟು ತಣ್ಣಗಿರುತ್ತದೆ? ಅಂಜುವವರಿಗೆ ಹೇಳಿ ಮಾಡಿಸಿದ್ದು ಕೊಳದಲ್ಲಿ ಈಜು ಇರುವ ಸ್ಪರ್ಧೆ. ಅದಿಲ್ಲದಿದ್ದರೆ ಅಲೆಯಿಲ್ಲದ ಕೆರೆ, ಸರದಿಯ ಆರಂಭ. ಅಲೆ ಏಳುವ ಸಮುದ್ರ ಮುಂದೆಂದಾದರೂ ಇರಲಿ.

ಸಮಯದ ಲೆಕ್ಕ ಹೀಗೆ. ನಿಲ್ಲದೆ 100 ಮೀಟರ್ ಈಜಬಲ್ಲವರಿಗೆ 12 ವಾರ ಸಾಕು. 25 ಮೀಟರ್ ದಾಟುವಷ್ಟರಲ್ಲಿ ಏದುಸಿರು ಬರುವವರಿಗೆ 20 ವಾರ ಬೇಕು. ಮುಖವನ್ನು ನೀರಲ್ಲಿ ಅದ್ದಲೇ ಹಿಂಜರಿಯುವವರು ದಿನಾಂಕದ ಗೊಡವೆಗೇ ಹೋಗದೆ, ದೊಡ್ಡವರಿಗೆ ಕಲಿಸಿ ಅನುಭವವಿರುವ ತರಬೇತುದಾರರನ್ನು ಹುಡುಕಿ ಹಂತ 3 ಮುಗಿಸಲಿ. ದುಡ್ಡು ಕಟ್ಟಿದ ಸ್ಪರ್ಧೆಯ ತಾರೀಖು ಕಣ್ಣೆದುರಿದ್ದರೆ ಭಯ ಕರಗುವ ಬದಲು ಬೆಳೆಯುತ್ತದೆ.

ವೈದ್ಯರ ತಪಾಸಣೆ ಔಪಚಾರಿಕತೆಯಲ್ಲ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಿ ಸಂಭವಿಸಿದ ಸಾವು ಮತ್ತು ಹೃದಯ ಸ್ತಂಭನಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 135 ಪ್ರಕರಣಗಳ ಪೈಕಿ 90 ನಡೆದದ್ದು ಈಜಿನ ಹೊತ್ತಿನಲ್ಲಿ. ಹೆಚ್ಚಿನವರು ನಡುವಯಸ್ಸಿನ ಗಂಡಸರು, ಮರಣೋತ್ತರ ಪರೀಕ್ಷೆಯಾದ ಹಲವರಲ್ಲಿ ಮೊದಲೇ ಹೃದಯದ ತೊಂದರೆ ಇತ್ತು. ಭಾಗವಹಿಸಿದವರ ಒಟ್ಟು ಸಂಖ್ಯೆಯ ಮುಂದೆ ಇದು ತೀರಾ ಸಣ್ಣ ಅಂಕಿ, ಬೆಚ್ಚಿಬೀಳಬೇಕಿಲ್ಲ. ಆದರೆ ವಯಸ್ಸು 40 ದಾಟಿದ್ದರೆ, ರಕ್ತದೊತ್ತಡ, ಆಸ್ತಮಾ, ಮೂರ್ಛೆ ರೋಗ ಅಥವಾ ಮನೆತನದಲ್ಲಿ ಹೃದ್ರೋಗ ಇದ್ದರೆ, ತಾಲೀಮು ಶುರುಮಾಡುವ ಮೊದಲೇ ವೈದ್ಯರನ್ನು ಕಾಣಿ.

## ಹಂತ 2: ಸಾಮಾನು ಹೊಂದಿಸಿ

ಹೊಸಬರು ಸೈಕಲ್ಲಿಗೆ ಲೆಕ್ಕವಿಲ್ಲದೆ ಸುರಿಯುತ್ತಾರೆ, ಗಾಗಲ್‌ಗೆ ಮಾತ್ರ ಕೈಗೆ ಸಿಕ್ಕಿದ್ದನ್ನು ತರುತ್ತಾರೆ. ಈಜಿಗೆ ಹೆದರುವವರಿಗೆ ಇದು ಉಲ್ಟಾ ಆಗಬೇಕು. ಗಾಗಲ್ ಕೊಳ್ಳುವಾಗ ಪಟ್ಟಿಯನ್ನು ತಲೆಗೆ ಹಾಕದೆ ಬರೀ ಕಪ್ಪುಗಳನ್ನು ಕಣ್ಣಿನ ಗುಳಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಒಂದೆರಡು ಸೆಕೆಂಡ್ ಅದು ತಾನಾಗಿ ಕಚ್ಚಿಕೊಂಡು ನಿಂತರೆ ನಿಮ್ಮ ಮುಖಕ್ಕೆ ಹೊಂದುತ್ತದೆ. ತಕ್ಷಣ ಬಿದ್ದುಹೋದರೆ ಪಟ್ಟಿಯನ್ನು ಎಷ್ಟು ಬಿಗಿದರೂ ನೀರು ನುಗ್ಗುತ್ತದೆ. ಒಳಗಿನ ಗಾಜನ್ನು ಬೆರಳಿಂದ ಉಜ್ಜಬೇಡಿ, ಮಂಜು ತಡೆಯುವ ಲೇಪ ಕಿತ್ತುಹೋಗುತ್ತದೆ. ಒಂದೇ ಮಾದರಿಯ ಎರಡು ಗಾಗಲ್ ಇರಲಿ. ತೆರೆದ ನೀರಲ್ಲಿ ಬಿಸಿಲು ಕಣ್ಣಿಗೆ ಹೊಡೆಯುವುದರಿಂದ ಒಂದರ ಗಾಜು ತುಸು ಕಪ್ಪಿದ್ದರೆ ಒಳ್ಳೆಯದು.

ಸೊಂಟಕ್ಕೆ ಕಟ್ಟಿಕೊಂಡು ಹಿಂದೆ ಎಳೆದುಕೊಂಡು ಹೋಗುವ, ಗಾಳಿ ತುಂಬಿದ ಕಿತ್ತಳೆ ಬಣ್ಣದ ತೇಲುಚೀಲ ತಾಲೀಮಿಗೆ ಬೇಕೇ ಬೇಕು. ದೋಣಿಯವರಿಗೆ ನೀವು ಕಾಣುತ್ತೀರಿ, ಸುಸ್ತಾದರೆ ಅಪ್ಪಿಕೊಂಡು ನಿಲ್ಲಲೂ ಬಹುದು. ಸ್ಪರ್ಧೆಯಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದು ಆಯೋಜಕರನ್ನು ಕೇಳಿ.

ವೆಟ್‌ಸೂಟ್ ಎಂಬ ಮೈಗಂಟುವ ರಬ್ಬರ್ ಉಡುಪು ಬೆಚ್ಚಗಿಡುತ್ತದೆ, ಜೊತೆಗೆ ದೇಹವನ್ನು ತೇಲಿಸುತ್ತದೆ. ಅಂಜುವವರಿಗೆ ಇದಕ್ಕಿಂತ ಒಳ್ಳೆಯ ಗೆಳೆಯನಿಲ್ಲ, ಆದರೆ ಅದನ್ನು ನಂಬಿಕೊಂಡೇ ಕೂರಬೇಡಿ. ವಿಶ್ವ ಟ್ರಯಥ್ಲಾನ್ ಸಂಸ್ಥೆಯ ನಿಯಮದ ಪ್ರಕಾರ ಸಾಮಾನ್ಯ ಸ್ಪರ್ಧಿಗಳಿಗೆ 1500 ಮೀಟರ್‌ವರೆಗಿನ ಈಜಿನಲ್ಲಿ ನೀರು 22 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿದ್ದರೆ ವೆಟ್‌ಸೂಟ್ ನಿಷಿದ್ಧ, 16 ಡಿಗ್ರಿಗಿಂತ ಕೆಳಗಿದ್ದರೆ ಕಡ್ಡಾಯ. ಬೇರೆ ಸಂಘಟನೆಗಳ ಮಿತಿ ಬೇರೆ ಇರಬಹುದು. ಉಷ್ಣತೆ ಅಳೆದು ಅಂತಿಮ ತೀರ್ಮಾನ ಹೇಳುವುದು ಬಹುತೇಕ ಸ್ಪರ್ಧೆಯ ಬೆಳಗ್ಗೆಯೇ. ಹಾಗಾಗಿ ಸೂಟ್ ಇಲ್ಲದೆಯೂ ಈಜಲು ಬರಬೇಕು.

ಉಳಿದದ್ದು ಸರಳ. ಬ್ರೇಕ್ ಸರಿಯಿರುವ ಯಾವುದೇ ಸೈಕಲ್, ಹೆಲ್ಮೆಟ್, ಓಟದ ಬೂಟು, ಗಂಟು ಹಾಕಬೇಕಿಲ್ಲದ ಎಲಾಸ್ಟಿಕ್ ಲೇಸ್, ಸ್ಪರ್ಧಾ ಸಂಖ್ಯೆ ಸಿಕ್ಕಿಸುವ ಬೆಲ್ಟ್, ಮೂರಕ್ಕೂ ಒಂದೇ ಆಗುವ ಟ್ರೈಸೂಟ್. ಕೈಗೆ ಹಾಕುವ ಪ್ಯಾಡಲ್, ಕಾಲಿಗೆ ಹಾಕುವ ಫಿನ್ ಎರಡಕ್ಕೂ ಸ್ಪರ್ಧೆಯಲ್ಲಿ ಜಾಗವಿಲ್ಲ.

## ಹಂತ 3: ಉಸಿರು ಬಿಡುವುದನ್ನು ಕಲಿಯಿರಿ

ನೀರಿನಲ್ಲಿ ಉಸಿರು ಕಟ್ಟುತ್ತದೆ ಅನ್ನುವವರನ್ನು ದಡದಲ್ಲಿ ನಿಂತು ಗಮನಿಸಿ. ಮುಖ ನೀರೊಳಗಿದ್ದಾಗ ಒಂದು ಗುಳ್ಳೆಯೂ ಮೇಲೆ ಬರುವುದಿಲ್ಲ. ಉಸಿರು ಹಿಡಿದಿರುತ್ತಾರೆ. ತಲೆ ಹೊರಗೆ ಬಂದ ಅರೆ ಸೆಕೆಂಡಿನಲ್ಲಿ ಹಳೆಯ ಗಾಳಿಯನ್ನು ಬಿಡಬೇಕು, ಹೊಸದನ್ನು ಎಳೆಯಬೇಕು. ಅಷ್ಟು ಹೊತ್ತಿನಲ್ಲಿ ಎರಡೂ ಆಗದು. ಒಳಗೆ ಕಾರ್ಬನ್ ಡೈಆಕ್ಸೈಡ್ ಸೇರುತ್ತಾ ಹೋಗುತ್ತದೆ. 'ಗಾಳಿ ಬೇಕು' ಎಂದು ಮೆದುಳು ಕೂಗಿಕೊಳ್ಳುವುದು ಮುಖ್ಯವಾಗಿ ಈ ಅನಿಲ ಹೆಚ್ಚಾದಾಗ, ಆಮ್ಲಜನಕ ಇನ್ನೂ ಸಾಕಷ್ಟು ಇರುವಾಗಲೇ. ನಾವು ಗಾಬರಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಈ ಕೂಗಿನದು. ಬಿಡುವುದನ್ನು ಕಲಿತರೆ ತೆಗೆದುಕೊಳ್ಳುವುದು ತಾನಾಗಿ ಆಗುತ್ತದೆ.

ಎದೆಮಟ್ಟದ ನೀರಿನಲ್ಲಿ, ಗೋಡೆ ಹಿಡಿದು, ಈ ಕ್ರಮದಲ್ಲಿ ಮಾಡಿ:

1. ಬಾಯಿಂದ ಸಾಧಾರಣ ಉಸಿರು ತೆಗೆದುಕೊಂಡು ಮುಖ ಅದ್ದಿ. ಮೂಗಿನಿಂದ 'ಮ್‌ಮ್‌ಮ್' ಎಂದು ಗುನುಗಿ. ಗುನುಗುತ್ತಿರುವವರೆಗೂ ಮೂಗಿನಿಂದ ಗಾಳಿ ಹೊರಹೋಗುತ್ತಿರುತ್ತದೆ, ನೀರು ಒಳಗೆ ಬರಲು ದಾರಿಯಿಲ್ಲ. ಕಿವಿಗೆ ಗುಳ್ಳೆಗಳ ಸದ್ದು ಒಂದೇ ಸಮ ಕೇಳಬೇಕು. ಸದ್ದು ನಿಂತಿತೆಂದರೆ ಉಸಿರು ಹಿಡಿದಿದ್ದೀರಿ.

2. ಗಾಳಿ ಮುಗಿಯುವ ಮುಂಚೆ ಮುಖ ಎತ್ತಿ, ಬಾಯಿಂದ ಸಣ್ಣದೊಂದು ಉಸಿರು ತೆಗೆದುಕೊಂಡು ಮತ್ತೆ ಅದ್ದಿ. ಎದೆ ಉಬ್ಬಿಸಿ ತುಂಬಿಕೊಳ್ಳುವ ಅಗತ್ಯವಿಲ್ಲ. ನಿಲ್ಲದೆ 20 ಸಲ ಮಾಡಿದ ಮೇಲೂ ಪಕ್ಕದವರೊಂದಿಗೆ ಆರಾಮಾಗಿ ಮಾತಾಡುವಂತಿದ್ದರೆ ಮುಂದಕ್ಕೆ ಹೋಗಿ.

3. ಗೋಡೆ ಬಿಟ್ಟು ಬೋರಲಾಗಿ ತೇಲಿ. ನಿಧಾನವಾಗಿ ಗುಳ್ಳೆ ಬಿಡುತ್ತಾ ಐದು ಎಣಿಸಿ, ಮಂಡಿಗಳನ್ನು ಎದೆಗೆ ಎಳೆದು ಕಾಲೂರಿ ನಿಲ್ಲಿ.

4. ಬೋರಲಾಗಿ ತೇಲುತ್ತಲೇ ಮಗ್ಗುಲು ತಿರುಗಿ ಅಂಗಾತವಾಗಿ. ಕಿವಿ ನೀರೊಳಗೆ, ಗಲ್ಲ ಮೇಲಕ್ಕೆ, ಹೊಟ್ಟೆ ಎತ್ತರಕ್ಕೆ. ಮೂರು ಉಸಿರು ತೆಗೆದುಕೊಂಡು ಮತ್ತೆ ಬೋರಲಾಗಿ. ಈ ಹೊರಳುವಿಕೆ ನಿಮ್ಮ ತುರ್ತು ಬಾಗಿಲು. ಎಲ್ಲಿ ಬೇಕಾದರೂ ತೆರೆಯಬಲ್ಲೆ ಎಂಬ ಭರವಸೆ ಬರುವವರೆಗೆ ಇದನ್ನು ಬಿಡಬೇಡಿ.

5. ಇದನ್ನೇ ಆಳದ ತುದಿಯಲ್ಲಿ, ಜೀವರಕ್ಷಕರ ಕಣ್ಣಳತೆಯಲ್ಲಿ ಮಾಡಿ. ಅಲ್ಲೇ ಲಂಬವಾಗಿ ನಿಂತು ಕೈಕಾಲಾಡಿಸುತ್ತಾ ಎರಡು ನಿಮಿಷ ತಲೆ ಮೇಲಿಟ್ಟುಕೊಳ್ಳುವುದನ್ನೂ ಕಲಿಯಿರಿ.

ಎರಡು ವಾರ ಇಷ್ಟೇ ಮಾಡಿದರೂ ನಷ್ಟವಿಲ್ಲ. ಪಕ್ಕದ ಲೇನಿನವರು ಸರಸರ ಹೋಗುತ್ತಿರುವಾಗ ನೀವು ಮೂಲೆಯಲ್ಲಿ ಗುಳ್ಳೆ ಬಿಡುತ್ತಾ ನಿಲ್ಲಲು ಸ್ವಲ್ಪ ಭಂಡತನ ಬೇಕು, ಅಷ್ಟೆ.

ಎಚ್ಚರಿಕೆ: ನೀರೊಳಗೆ ಎಷ್ಟು ಹೊತ್ತು ಉಸಿರು ಹಿಡಿಯಬಲ್ಲೆ ಎಂಬ ಪಂಥ ಕಟ್ಟಬೇಡಿ. ಮುಳುಗುವ ಮೊದಲು ಜೋರಾಗಿ, ಬೇಗಬೇಗ ಉಸಿರಾಡಿ 'ಚಾರ್ಜ್' ಮಾಡಿಕೊಳ್ಳುವ ಅಭ್ಯಾಸ ಇನ್ನೂ ಕೆಟ್ಟದ್ದು. ಕಾರ್ಬನ್ ಡೈಆಕ್ಸೈಡ್ ಇಳಿದುಹೋಗಿ, ಗಾಳಿ ಬೇಕೆಂಬ ಸೂಚನೆಯೇ ಬಾರದೆ, ನೀರೊಳಗೇ ಎಚ್ಚರ ತಪ್ಪುತ್ತದೆ. ಚೆನ್ನಾಗಿ ಈಜುವವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ.

## ಹಂತ 4: ದೂರ ಕಟ್ಟಿ

ಈಗ ಫ್ರೀಸ್ಟೈಲ್, ಅಂದರೆ ಬೋರಲಾಗಿ ಕೈಗಳನ್ನು ಒಂದಾದ ಮೇಲೊಂದು ಬೀಸುತ್ತಾ ಈಜುವ ಶೈಲಿ. ನೀರಿನಲ್ಲಿ ದೇಹ ತಕ್ಕಡಿಯಿದ್ದಂತೆ: ತಲೆ ಎತ್ತಿದರೆ ಕಾಲು ಮುಳುಗುತ್ತದೆ. ಕಾಲು ಮುಳುಗಿದರೆ ನೀರನ್ನು ಎದೆಯಲ್ಲಿ ತಳ್ಳಿಕೊಂಡು ಹೋಗಬೇಕಾಗುತ್ತದೆ, ಸುಸ್ತು ದುಪ್ಪಟ್ಟು. ದೃಷ್ಟಿ ನೇರ ಕೆಳಗಿರಲಿ. ಉಸಿರಿಗೆ ತಲೆಯನ್ನು ಮೇಲೆತ್ತದೆ ಭುಜದ ಜೊತೆ ಪಕ್ಕಕ್ಕೆ ಹೊರಳಿಸಿ. ಗಾಗಲ್‌ನ ಒಂದು ಗಾಜು ನೀರೊಳಗೇ ಉಳಿದಿದ್ದರೆ ಸರಿಯಾಗಿ ಹೊರಳಿಸಿದ್ದೀರಿ.

ಓಟಗಾರರ ಪಾದದ ಕೀಲು ಬಿಗಿಯಾಗಿರುತ್ತದೆ. ಅವರು ಕಾಲು ಬಡಿದಷ್ಟೂ ಶಕ್ತಿ ಪೋಲು, ಮುಂದೆ ಹೋಗುವುದು ಅಷ್ಟಕ್ಕಷ್ಟೆ. ಸೊಂಟದಿಂದ ಸಣ್ಣಗೆ, ಸದ್ದಿಲ್ಲದೆ ಆಡಿಸಿ. ಕಾಲು ಹೇಗೂ ಸೈಕಲ್ಲಿಗೆ ಬೇಕು.

ವಾರಕ್ಕೆ ಮೂರು ದಿನ, ಒಂದೊಂದು ಸಲ 30ರಿಂದ 45 ನಿಮಿಷ ಈಜಿ. ವಾರಕ್ಕೊಮ್ಮೆ ಎರಡು ಗಂಟೆ ನೀರಲ್ಲಿ ನೆನೆಯುವುದಕ್ಕಿಂತ ಇದೇ ಮೇಲು. ಮೊದಲು 25 ಮೀಟರಿನ ಎಂಟು ತುಂಡು, ನಡುವೆ ಉಸಿರು ಹದಕ್ಕೆ ಬರುವಷ್ಟು ವಿರಾಮ. ಮುಂದೆ 50 ಮೀಟರಿನ ಎಂಟು, ಆಮೇಲೆ 100 ಮೀಟರಿನ ಆರು, 200 ಮೀಟರಿನ ಮೂರು. ಪ್ರತಿ ಮೆಟ್ಟಿಲಿನಲ್ಲೂ ಪರೀಕ್ಷೆ ಒಂದೇ: ಕೊನೆಯ ತುಂಡು ಮುಗಿಸಿ 20 ಸೆಕೆಂಡಿನೊಳಗೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತದೆಯೇ? ಆಗದಿದ್ದರೆ ದೂರ ಹೆಚ್ಚಿಸಬೇಡಿ, ವೇಗ ತಗ್ಗಿಸಿ. 'ಇದಕ್ಕಿಂತ ನಿಧಾನ ಹೋದರೆ ಮುಳುಗಿಬಿಡುತ್ತೇನೆ' ಅನ್ನುವವರ ಕಾಲು ಕೆಳಗಿಳಿದಿರುತ್ತದೆ. ಅವರು ತೇಲುವ ಅಭ್ಯಾಸಕ್ಕೆ ಮರಳಲಿ.

ಸ್ಪರ್ಧೆಯಲ್ಲಿ ತಳ್ಳಲು ಗೋಡೆಯಿಲ್ಲ, ನೇರ ಹೋಗಲು ಗೆರೆಯಿಲ್ಲ. 750 ಮೀಟರಿನ ಈಜು ಸುಲಭವಾಗಿ 850 ಆಗಿಬಿಡುತ್ತದೆ. ಆದ್ದರಿಂದ ಕೊಳದಲ್ಲಿ ಸಾವಿರ ಮೀಟರ್ ನಿರಾಳವಾಗಿ ಈಜುವವರೆಗೆ ಈ ಹಂತ ಮುಗಿದಿಲ್ಲ.

ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯಂತೆ ಕೈಕಾಲು ಅಗಲಿಸಿ ಈಜುವ ಶೈಲಿ) ಬಗ್ಗೆ ಒಂದು ಮಾತು. ಯಾವ ಶೈಲಿಯಲ್ಲಾದರೂ ಈಜಬಹುದೆಂದು ನಿಯಮವೇ ಹೇಳುತ್ತದೆ. ಪೂರ್ತಿ ಬ್ರೆಸ್ಟ್‌ಸ್ಟ್ರೋಕಿನಲ್ಲಿ ಮುಗಿಸಿದವರೂ ಟ್ರಯಥ್ಲೀಟ್‌ಗಳೇ. ಫ್ರೀಸ್ಟೈಲಿನ ನಡುವೆ ಹತ್ತು ಸಲ ಬ್ರೆಸ್ಟ್‌ಸ್ಟ್ರೋಕ್ ಹಾಕಿ ಉಸಿರು ಸುಧಾರಿಸಿಕೊಂಡು ಮತ್ತೆ ಫ್ರೀಸ್ಟೈಲಿಗೆ ಬರುವುದನ್ನು ಬೇಕೆಂದೇ ಅಭ್ಯಾಸ ಮಾಡಿ.

## ಹಂತ 5: ಕೊಳದೊಳಗೇ ಕೆರೆಯನ್ನು ತನ್ನಿ

ಕೆರೆಯಲ್ಲಿ ಎದುರಾಗುವ ತಂಟೆಗಳನ್ನು ಮೊದಲು ಕೊಳದ ಸುರಕ್ಷಿತ ನೀರಿನಲ್ಲಿ ಎದುರಿಸಿ.

1. ದಿಕ್ಕು ನೋಡುವುದು. ಆರರಿಂದ ಹತ್ತು ಸ್ಟ್ರೋಕಿಗೊಮ್ಮೆ (ಒಂದು ಸಲ ಕೈ ಬೀಸಿದರೆ ಒಂದು ಸ್ಟ್ರೋಕ್) ಮೊಸಳೆಯಷ್ಟೇ ಕಣ್ಣು ಮೇಲೆತ್ತಿ ಮುಂದೆ ನೋಡಿ, ಆಮೇಲೆ ಪಕ್ಕಕ್ಕೆ ಹೊರಳಿ ಉಸಿರಾಡಿ. ನೋಟ, ಉಸಿರು ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ತಲೆ ಪೂರ್ತಿ ಎದ್ದು ಕಾಲು ಮುಳುಗುತ್ತದೆ.

2. ಗೋಡೆ ಮುಟ್ಟದೆ ತಿರುಗುವುದು. ಗೋಡೆಗೆ ಎರಡು ಮೀಟರ್ ಇರುವಾಗಲೇ ತಿರುಗಿ. ನಿಂತು ಸುಧಾರಿಸಿಕೊಳ್ಳುವ ಗುಟ್ಟಿನ ಅಭ್ಯಾಸ ಇಲ್ಲಿ ಬಯಲಾಗುತ್ತದೆ.

3. ಮೈಗೆ ಮೈ ತಾಗುವುದು. ಮೂವರು ಗೆಳೆಯರು ಒಂದೇ ಲೇನಿನಲ್ಲಿ ಅಕ್ಕಪಕ್ಕ ಈಜಿ. ಪಾದಕ್ಕೆ ಕೈ ತಾಗುತ್ತದೆ, ಮುಖಕ್ಕೆ ನೀರು ಎರಚುತ್ತದೆ. ಯಾರೂ ಬೇಕೆಂದು ಮಾಡುವುದಲ್ಲ ಎಂಬುದು ಮೈಗೆ ಅರ್ಥವಾಗಬೇಕು.

4. ಗಾಗಲ್‌ಗೆ ನೀರು ತುಂಬುವುದು. ಅರ್ಧ ನೀರು ತುಂಬಿದ ಗಾಗಲ್‌ನಲ್ಲೇ 25 ಮೀಟರ್ ಈಜಿ. ನಂತರ ಆಳದಲ್ಲಿ ಅಂಗಾತ ತೇಲುತ್ತಾ ನೀರು ಚೆಲ್ಲಿ ಮತ್ತೆ ಹಾಕಿಕೊಳ್ಳಿ.

ಕೊಳ ಖಾಲಿಯಿದ್ದಾಗ ಕಣ್ಣು ಮುಚ್ಚಿ ಆರು ಸ್ಟ್ರೋಕ್ ಹಾಕಿ ನೋಡಿ. ಯಾವ ಕಡೆಗೆ ವಾಲುತ್ತೀರಿ ಎಂದು ಗೊತ್ತಾಗುತ್ತದೆ. ಎಲ್ಲರೂ ಒಂದಲ್ಲ ಒಂದು ಕಡೆ ವಾಲುತ್ತಾರೆ.

## ಹಂತ 6: ತೆರೆದ ನೀರಿಗೆ ಇಳಿಯಿರಿ

ಸ್ಪರ್ಧೆಗೆ ಕನಿಷ್ಠ ಆರು ವಾರ ಇರುವಾಗ ಮೊದಲ ಸಲ ಇಳಿಯಬೇಕು, ಒಟ್ಟು ನಾಲ್ಕೈದು ಸಲವಾದರೂ ಆಗಬೇಕು. ಒಬ್ಬರೇ ಇಳಿಯುವಂತಿಲ್ಲ. ಜೊತೆಯಲ್ಲಿ ನುರಿತ ಈಜುಗಾರರೊಬ್ಬರು, ಸಾಧ್ಯವಾದರೆ ದೋಣಿಯಲ್ಲೊಬ್ಬರು, ದಡದಲ್ಲಿ ನಿಮ್ಮನ್ನೇ ನೋಡುತ್ತಿರುವವರೊಬ್ಬರು. ಈಜಲು ಅನುಮತಿಯಿರುವ ಜಾಗವನ್ನೇ ಆರಿಸಿ. ಗುಡುಗು ಕೇಳಿಸಿದರೆ, ಜೋರು ಮಳೆಯ ಮರುದಿನವಾದರೆ, ನೀರಿನ ಮೇಲೆ ಹಸಿರು ಪಾಚಿಯ ಕೆನೆ ಕಟ್ಟಿದ್ದರೆ ಅಂದು ರಜೆ.

'ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು' ಎಂಬ ಗಾದೆ ಇಲ್ಲಿ ಕೆಲಸಕ್ಕೆ ಬಾರದು. ತಣ್ಣೀರು ತಟ್ಟನೆ ಮೈಗೆ ತಾಗಿದಾಗ ದೇಹ ತಾನಾಗಿ ಹೌಹಾರಿ ಗಾಳಿ ಎಳೆದುಕೊಳ್ಳುತ್ತದೆ, ಉಸಿರು, ನಾಡಿ ಎರಡೂ ಓಡತೊಡಗುತ್ತವೆ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಚರ್ಮದ ಪ್ರತಿಕ್ರಿಯೆ. ಒಂದರಿಂದ ಮೂರು ನಿಮಿಷದಲ್ಲಿ ಇಳಿಯುತ್ತದೆ. ಈ ಮೂರು ನಿಮಿಷವನ್ನು ಈಜುತ್ತಾ ಕಳೆಯುವುದೇ ಹೊಸಬರ ದೊಡ್ಡ ತಪ್ಪು. ಸೊಂಟದವರೆಗೆ ನಡೆದು ಹೋಗಿ, ಮುಖಕ್ಕೆ, ಕತ್ತಿನ ಹಿಂಭಾಗಕ್ಕೆ ನೀರು ಎರಚಿಕೊಳ್ಳಿ. ವೆಟ್‌ಸೂಟ್ ಇದ್ದರೆ ಕೊರಳಪಟ್ಟಿ ಎಳೆದು ಒಂದಿಷ್ಟು ನೀರು ಒಳಗೆ ಬಿಡಿ. ನಿಂತಲ್ಲೇ ಮುಖ ಅದ್ದಿ ಹತ್ತು ಸಲ ಗುಳ್ಳೆ ಬಿಡಿ. ಉಸಿರು ಹದಕ್ಕೆ ಬಂದ ಮೇಲಷ್ಟೇ ಕಾಲು ಬಿಡಿ.

ಮೊದಲ ದಿನ ದೂರದ ಲೆಕ್ಕವಿಲ್ಲ. ದಡಕ್ಕೆ ಸಮಾನಾಂತರವಾಗಿ, ಕಾಲೂರಿದರೆ ನೆಲ ಸಿಗುವಲ್ಲಿ, 20 ಸ್ಟ್ರೋಕ್ ಈಜಿ ನಿಲ್ಲಿ. ಕೆಳಗೆ ಏನೂ ಕಾಣುವುದಿಲ್ಲ, ಎಲ್ಲ ಮಬ್ಬು ಹಸಿರು. ಕೊಳದ ತಳದ ಗೆರೆಗೆ ಒಗ್ಗಿದ ಕಣ್ಣಿಗೆ ಇದೇ ಮೊದಲ ಆಘಾತ. ತಳ ಹುಡುಕುವುದನ್ನು ಬಿಟ್ಟು ನಿಮ್ಮ ಕೈ ನೀರಿಗಿಳಿಯುವುದನ್ನು ನೋಡಿ, ಗುಳ್ಳೆಯ ಸದ್ದು ಕೇಳಿ. ಎರಡನೇ ಸಲ ಆಳಕ್ಕೆ, ಮೂರನೇ ಸಲ ತೇಲುಗುರುತನ್ನು ಸುತ್ತಿ ಬರುವುದು, ಕೊನೆಯ ಎರಡು ಸಲ ಪೂರ್ತಿ ದೂರ.

ಗಾಬರಿ ಬಂದರೆ ಏನು ಮಾಡಬೇಕೆಂಬುದನ್ನು, ಗಾಬರಿ ಇಲ್ಲದಿರುವಾಗಲೇ, ಪ್ರತಿ ಸಲ ಎರಡು ಬಾರಿ ಅಭ್ಯಾಸ ಮಾಡಿ:

1. ಈಜು ನಿಲ್ಲಿಸಿ, ಅಂಗಾತ ಹೊರಳಿ ಅಥವಾ ತೇಲುಚೀಲ ಅಪ್ಪಿಕೊಳ್ಳಿ.
2. ಮೊದಲು ಉಸಿರು ಹೊರಗೆ ಬಿಡಿ, ಬಾಯಿಂದ, ಉದ್ದಕ್ಕೆ. ಒಳಗೆಳೆಯುವ ಯೋಚನೆ ಆಮೇಲೆ.
3. ಹತ್ತು ಉಸಿರು ಎಣಿಸಿ.
4. ದಡ ಎಲ್ಲಿದೆ, ದೋಣಿ ಎಲ್ಲಿದೆ ನೋಡಿ, ಬ್ರೆಸ್ಟ್‌ಸ್ಟ್ರೋಕಿನಲ್ಲಿ ಹೊರಡಿ.
5. ಸರಿಯೆನಿಸಿದರೆ ಫ್ರೀಸ್ಟೈಲ್. ಇಲ್ಲದಿದ್ದರೆ ಕೈ ಎತ್ತಿ ಬೀಸಿ.

ಅಪಾಯದ ಚಿಹ್ನೆಗಳು: ಗಾಬರಿಯ ಏದುಸಿರು ಅಂಗಾತ ತೇಲಿದರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಇಳಿಯದೆ ಹೆಚ್ಚುತ್ತಾ ಹೋದರೆ, ಕೆಮ್ಮು ಬಿಡದಿದ್ದರೆ, ಎದೆಯಲ್ಲಿ ಗೊರಗೊರ ಸದ್ದು, ಗುಲಾಬಿ ಬಣ್ಣದ ನೊರೆಗಫ ಕಂಡರೆ ಅದು ಈಜುವಾಗ ಶ್ವಾಸಕೋಶಕ್ಕೆ ದ್ರವ ಸೇರುವ ಸ್ಥಿತಿಯಾಗಿರಬಹುದು. ಕೂಡಲೇ ನೀರಿನಿಂದ ಹೊರಬಂದು ವೈದ್ಯರನ್ನು ಕಾಣಬೇಕು, ಅಂದು ಮತ್ತೆ ನೀರಿಗಿಳಿಯಬಾರದು. ಎದೆನೋವು, ತಲೆ ಸುತ್ತು, ಎದೆ ಅಡ್ಡಾದಿಡ್ಡಿ ಬಡಿದುಕೊಳ್ಳುವುದಕ್ಕೂ ಇದೇ ಮಾತು. ನಡುಕ, ತೊದಲುವಿಕೆ, ಬೆರಳು ಮಡಿಸಲಾಗದಿರುವುದು ಮೈ ತಣ್ಣಗಾಗುತ್ತಿರುವುದರ ಲಕ್ಷಣ.

ವೆಟ್‌ಸೂಟ್ ಹಾಕಿದಾಗ ಮಾತ್ರ ಉಸಿರು ಕಟ್ಟುವುದಾದರೆ ಬಹುಮಟ್ಟಿಗೆ ಸೂಟನ್ನು ಕಾಲಿನಿಂದ ಸಾಕಷ್ಟು ಮೇಲಕ್ಕೆಳೆದಿಲ್ಲವೆಂದು ಅರ್ಥ. ತೊಡೆಸಂದಿಯಲ್ಲಿ ಜಾಗ ಉಳಿದರೆ ಕುತ್ತಿಗೆ, ಭುಜಗಳನ್ನು ಕೆಳಕ್ಕೆ ಜಗ್ಗುತ್ತದೆ. ಬೆರಳ ತುದಿಯಿಂದ ಮಡಿಕೆ ಮಡಿಕೆಯಾಗಿ ಮೇಲಕ್ಕೆ ಸರಿಸಿ. ಉಗುರು ತಾಗಿಸಬೇಡಿ, ಹರಿಯುತ್ತದೆ.

## ಹಂತ 7: ಸೈಕಲ್, ಓಟ, ಎರಡರ ಬೆಸುಗೆ

ಈಜಿಗೆ ಮೂರು ದಿನ ಕೊಟ್ಟ ಮೇಲೆ ಸೈಕಲ್ಲಿಗೆ ಎರಡು, ಓಟಕ್ಕೆ ಎರಡು ಅವಧಿ ಸಾಕು. ಕೆಲವು ದಿನ ಎರಡು ಬೀಳುತ್ತವೆ, ವಾರಕ್ಕೊಂದು ದಿನ ಪೂರ್ತಿ ಬಿಡುವಿರಲಿ. ಸೈಕಲ್ ದೂರವನ್ನು ನಿಧಾನವಾಗಿ 25 ಕಿ.ಮೀ.ಗೆ, ಓಟವನ್ನು 6 ಕಿ.ಮೀ.ಗೆ ಏರಿಸಿ.

ಬಿಡಬಾರದ್ದು ಒಂದೇ: ಸೈಕಲ್ ಇಳಿದ ಕೂಡಲೇ ಓಡುವ ತಾಲೀಮು, ಬ್ರಿಕ್ ಅನ್ನುತ್ತಾರೆ. ಮೊದಲ ಒಂದು ಕಿಲೋಮೀಟರ್ ಕಾಲು ಮರದ ಕೊರಡು. ಹೆಜ್ಜೆ ಚಿಕ್ಕದು ಮಾಡಿದರೆ ಬೇಗ ಸರಿಹೋಗುತ್ತದೆ. ಕೊನೆಯ ಆರು ವಾರ, ವಾರಕ್ಕೊಮ್ಮೆ ಮಾಡಿ. ಟ್ಯೂಬ್ ಬದಲಿಸುವುದು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ನೀರು ಕುಡಿಯುವುದೂ ಬರಬೇಕು.

## ಹಂತ 8: ಟ್ರಾನ್ಸಿಷನ್ ತಾಲೀಮು

ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವುದೇ ಟ್ರಾನ್ಸಿಷನ್. ಟವೆಲ್ ಮೇಲೆ ಎಲ್ಲವನ್ನೂ ಬಳಸುವ ಕ್ರಮದಲ್ಲೇ ಜೋಡಿಸಿ: ಹ್ಯಾಂಡಲ್ ಮೇಲೆ ತಲೆಕೆಳಗಾಗಿ ಹೆಲ್ಮೆಟ್, ಅದರೊಳಗೆ ಕನ್ನಡಕ, ಕೆಳಗೆ ಬೂಟು, ಪಕ್ಕದಲ್ಲಿ ಸಂಖ್ಯೆಯ ಬೆಲ್ಟ್.

ದಂಡ ಬೀಳುವುದು ಹೆಚ್ಚಾಗಿ ಹೆಲ್ಮೆಟ್ ವಿಷಯಕ್ಕೆ. ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮೊದಲು ಹೆಲ್ಮೆಟ್ಟಿನ ಕೊಕ್ಕೆ ಹಾಕಿರಬೇಕು. ವಾಪಸ್ ಬಂದು ಸೈಕಲ್ ನಿಲ್ಲಿಸಿದ ಮೇಲಷ್ಟೇ ಬಿಚ್ಚಬೇಕು. ಹತ್ತುವ ಗೆರೆ ದಾಟಿ ಹತ್ತಿ, ಇಳಿಯುವ ಗೆರೆಗೆ ಮುಂಚೆ ಇಳಿಯಿರಿ. ಸ್ಪರ್ಧೆಯ ಬೆಳಗ್ಗೆ ನೀರಿನ ಕಡೆಯಿಂದ ನಿಮ್ಮ ಸೈಕಲ್ಲಿನವರೆಗೆ ಒಮ್ಮೆ ನಡೆದು ಸಾಲು ಎಣಿಸಿಕೊಳ್ಳಿ. ನೂರಾರು ಸೈಕಲ್ಲುಗಳ ನಡುವೆ ತಮ್ಮದನ್ನು ಹುಡುಕುತ್ತಾ ಅಲೆಯುವವರು ಪ್ರತಿ ಸ್ಪರ್ಧೆಯಲ್ಲೂ ಸಿಗುತ್ತಾರೆ.

## ಹಂತ 9: ಕೊನೆಯ ವಾರ ಮತ್ತು ಸ್ಪರ್ಧೆಯ ದಿನ

ಕೊನೆಯ ವಾರ ತಾಲೀಮನ್ನು ಅರ್ಧಕ್ಕಿಳಿಸಿ. 'ಕಡೇ ಸಲ ಒಂದು ದೊಡ್ಡ ಈಜು' ಬೇಡ. ಹೊಸ ಗಾಗಲ್, ಹೊಸ ಬೂಟು, ಹೊಸ ತಿಂಡಿ ಯಾವುದೂ ಆ ದಿನಕ್ಕಲ್ಲ. ಆರಂಭಕ್ಕೆ ಎರಡು ಮೂರು ಗಂಟೆ ಮೊದಲೇ ನಿಮಗೆ ಒಗ್ಗಿದ ಹಗುರ ಆಹಾರ ಮುಗಿಸಿ. ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಅದರಿಂದ ಏನೂ ಆಗುವುದಿಲ್ಲ. ಅದಕ್ಕೂ ಹಿಂದಿನ ರಾತ್ರಿ ಚೆನ್ನಾಗಿ ಮಲಗಿ.

ಈಜು. ಅವಕಾಶವಿದ್ದರೆ ಹತ್ತು ನಿಮಿಷ ಮುಂಚೆ ನೀರಿಗಿಳಿದು ಹಂತ 6ರ ಇಳಿಯುವ ಕ್ರಮವನ್ನು ಪೂರ್ತಿ ಮಾಡಿ. ನೀರಿಗೆ ಬಿಡದಿದ್ದರೆ ಬಾಟಲಿ ನೀರನ್ನು ಮುಖಕ್ಕೆ, ಕತ್ತಿಗೆ ಸುರಿದುಕೊಳ್ಳಿ. ಗುಂಪಿನ ಹಿಂದೆ, ಹೊರ ಅಂಚಿನಲ್ಲಿ ನಿಲ್ಲಿ. ಸೀಟಿ ಊದಿದ ಮೇಲೆ ಹದಿನೈದು ಸೆಕೆಂಡ್ ಸುಮ್ಮನೆ ನಿಂತುಬಿಡಿ. ಎದುರಿನ ಗದ್ದಲ ತಾನಾಗಿ ಮುಂದೆ ಹೋಗುತ್ತದೆ, ನಿಮಗೆ ಖಾಲಿ ನೀರು ಸಿಗುತ್ತದೆ. ಮೊದಲ ನೂರು ಮೀಟರ್ ನಾಚಿಕೆಯಾಗುವಷ್ಟು ನಿಧಾನವಾಗಿರಲಿ. ಸುತ್ತಲಿನವರ ವೇಗಕ್ಕೆ ಬಿದ್ದರೆ ಕಲಿತದ್ದೆಲ್ಲ ಆ ನೂರು ಮೀಟರಿನಲ್ಲೇ ಹೋಗುತ್ತದೆ.

ದೋಣಿ ಅಥವಾ ತೇಲುಗುರುತನ್ನು ಹಿಡಿದು ಸುಧಾರಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿದೆ, ಅದರ ನೆರವಿನಿಂದ ಮುಂದೆ ಸಾಗುವಂತಿಲ್ಲ ಅಷ್ಟೆ. ಬೆಳಗಿನ ವಿವರಣಾ ಸಭೆಯಲ್ಲಿ ಇದನ್ನು ಖಚಿತಪಡಿಸಿಕೊಳ್ಳಿ. ದಡ ಹತ್ತಿರವಾದಾಗ ಕೈ ನೆಲಕ್ಕೆ ತಾಗುವವರೆಗೂ ಈಜಿ, ಆಮೇಲೆ ನಿಧಾನವಾಗಿ ಏಳಿ. ಮಲಗಿದ್ದ ದೇಹ ತಟ್ಟನೆ ನಿಂತರೆ ತಲೆ ತಿರುಗುತ್ತದೆ.

ಸೈಕಲ್. ಈಜು ಮುಗಿಸಿದ ಖುಷಿಯಲ್ಲಿ ಮೊದಲ ಐದು ಕಿಲೋಮೀಟರ್ ಹುಚ್ಚಾಪಟ್ಟೆ ತುಳಿಯುವವರೇ ಹೆಚ್ಚು. ಉಸಿರು ಸ್ಥಿಮಿತಕ್ಕೆ ಬರುವವರೆಗೆ ಹಗುರ ಗೇರ್, ನಂತರ ಸಣ್ಣ ಗುಟುಕುಗಳಲ್ಲಿ ನೀರು. ಹೊಸಬರ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಮುಂದಿನವರ ಬೆನ್ನಿಗಂಟಿಕೊಂಡು ಹೋಗುವಂತಿಲ್ಲ. 10ರಿಂದ 12 ಮೀಟರ್ ಅಂತರವಿರಬೇಕು.

ಓಟ. ಸಂಖ್ಯೆಯನ್ನು ಮುಂದಕ್ಕೆ ತಿರುಗಿಸಿ, ಚಿಕ್ಕ ಹೆಜ್ಜೆಯಿಂದ ಶುರುಮಾಡಿ. ನಡೆದರೂ ಯಾರೂ ಕೇಳುವುದಿಲ್ಲ. ಗೆರೆ ದಾಟಿದ ಕೂಡಲೇ ಕುಸಿದು ಕೂರದೆ ಐದು ನಿಮಿಷ ಓಡಾಡಿ, ಒದ್ದೆ ಬಟ್ಟೆ ಬದಲಿಸಿ, ಸಮಯ ಅಳೆಯಲು ಕಣಕಾಲಿಗೆ ಕಟ್ಟಿದ ಚಿಪ್ ಹಿಂದಿರುಗಿಸಿ.

ಮಧ್ಯದಲ್ಲೇ ಬಿಡಬೇಕಾಗಿ ಬಂದರೆ ಅದಕ್ಕೂ ಒಂದು ಕ್ರಮವಿದೆ. ನೀರಿನಲ್ಲಾದರೆ ಅಂಗಾತ ಹೊರಳಿ ಕೈ ಬೀಸಿ, ದೋಣಿ ಬರುವವರೆಗೆ ತೇಲುತ್ತಿರಿ. ದಡಕ್ಕೆ ಬಂದ ಮೇಲೆ ನಿಮ್ಮ ಸಂಖ್ಯೆ ಹೇಳಿ ಚಿಪ್ಪನ್ನು ಅಧಿಕಾರಿಗಳ ಕೈಗೆ ಕೊಡಿ. ಬೇಸರದಲ್ಲಿ ಯಾರಿಗೂ ಹೇಳದೆ ಮನೆಗೆ ಹೋಗಬೇಡಿ. ನೀರಿಗಿಳಿದವರ ಮತ್ತು ಹೊರಬಂದವರ ಲೆಕ್ಕ ತಾಳೆಯಾಗದಿದ್ದರೆ, ನೀವು ಮನೆಯಲ್ಲಿ ಕಾಫಿ ಕುಡಿಯುತ್ತಿರುವಾಗ ರಕ್ಷಣಾ ತಂಡ ಕೆರೆಯಲ್ಲಿ ನಿಮ್ಮನ್ನು ಹುಡುಕುತ್ತಿರುತ್ತದೆ.